ಕಟಿಂಗ್ ಮಾಸ್ಟರ್ ಮರಿಬಸಪ್ಪನ ಕೌದಿ

"ಏನ್ರೀ, ಮತ್ತ ಕಂಪನಿಗೆ ಹೊಂಟೀರೇನು? ನಿಮ್ಮ ಬೆರಳು ನೋಡ್ಕೊಳ್ರಿ!"

ಸೋಮವಾರ ಬೆಳಿಗ್ಗೆ ಏಳು ಗಂಟೆ. ಬಳ್ಳಾರಿ ಪಾರ್ವತಿನಗರದ ಹಿಂದಿನ ಓಣಿಯ ಎರಡು ಕೋಣೆಯ ಮನೆ. ಮರಿಬಸಪ್ಪ ಸ್ನಾನ ಮಾಡಿ ಬಂದು ಮುಖ ಒರೆಸಿಕೊಳ್ಳುತ್ತಿದ್ದ. ಹೆಂಡತಿ ಎರ್ರಮ್ಮ ಅವನ ಕೈಯಿಂದ ಟವೆಲ್ ಕಿತ್ತುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಬಿಳೀ ಟವೆಲ್ಲಿನ ಮೇಲೆ ನೀಲಿ ಬೆರಳ ಗುರುತು ಎದ್ದು ಕಾಣುತ್ತಿತ್ತು.

"ಮೂವತ್ತೊಂದು ವರ್ಷ ನಿಮ್ಮ ಅರಿವಿ ಬ್ಯಾರೆ ಬಕೀಟಿನ್ಯಾಗ ಒಗದು ಸಾಕಾಗೇತಿ ನನಗ. ಒಂದು ನೀರಿಗೂ ಹೋಗಂಗಿಲ್ಲ, ಎರಡು ನೀರಿಗೂ ಹೋಗಂಗಿಲ್ಲ, ಮಗ್ಗಲಾಗ ಏನಿದ್ರ ಅದಕ್ಕೆಲ್ಲ ಬಳಕೊಂತೈತಿ ಈ ಹಾಳು ಬಣ್ಣ. ಮತ್ತ ಶುರು ಆತಾ?"

ಬೈಯಬೇಕೆಂದು ತೆರೆದ ಬಾಯಿ ಮರಿಬಸಪ್ಪನಿಗೆ ಹಾಗೇ ಉಳಿಯಿತು. ಮಗ್ಗುಲಲ್ಲಿ ಏನಿದ್ದರೆ ಅದಕ್ಕೆ! ನಿನ್ನೆ ತಾನೇ ಸಿರುಗುಪ್ಪಕ್ಕೆ ಹೋಗಿ, ಹೊಲಿಯಲು ಹೇಳಿದ್ದ ದಾಕ್ಷಾಯಣಮ್ಮನ ಕೈಗೆ ಕೊಟ್ಟು ಬಂದ ಕೌದಿ ಕಣ್ಣ ಮುಂದೆ ನಿಂತಿತು. ಅದರಲ್ಲಿ ಜೀನ್ಸಿನ ಕಡುನೀಲಿ ಚೌಕಗಳ ಮಗ್ಗುಲಿಗೇ ಆಕೆಯ ಸತ್ತುಹೋದ ಅವ್ವನ ನಾಲ್ಕು ಸೀರೆ ಇದ್ದವು. ಹಾಲಿನ ಬಣ್ಣದ್ದು, ಎಳೆ ಹಸಿರಿಂದು, ಹಳದಿ, ಕನಕಾಂಬರ. "ಇವು ಬಿಟ್ರ ನಮ್ಮವ್ವಂದು ಅಂತ ನನ್ನ ಹತ್ರ ಏನೂ ಉಳಿದಿಲ್ರೀ ಮಾಸ್ಟರ್ರೇ," ಎಂದು ಆಕೆ ಸೀರೆ ಕೊಡುವಾಗಲೇ ಹೇಳಿದ್ದಳು. ನಿನ್ನೆ ಕೌದಿ ಎದೆಗೆ ಒತ್ತಿಕೊಂಡು ಇನ್ನೊಂದು ಮಾತು ಹೇಳಿದ್ದಳು: "ನಾಳೆ ಸೋಮವಾರ, ಕೆಂಚನಗುಡ್ಡಕ್ಕ ಹೋಗಿ ಹೊಳ್ಯಾಗ ಅದ್ದಿಕೊಂಡು ಬರ್ತೀನಿ. ನಮ್ಮವ್ವ ಹೊಳಿ ನೀರಿಗೆ ಹಾಕದ ಯಾವ ಹೊಸಾ ಕೌದಿನೂ ಹೊದ್ದಾಕಿ ಅಲ್ಲ."

ಮರಿಬಸಪ್ಪ ಫೋನು ಹಚ್ಚಿದ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಮತ್ತೆ ಹಚ್ಚಿದ. ಎತ್ತುವವರಿಲ್ಲ. ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಬಸ್‌ಸ್ಟ್ಯಾಂಡಿಗೆ ಓಡಿದ.

ಈ ಮರಿಬಸಪ್ಪ ಯಾರು ಅಂತ ಬಳ್ಳಾರಿಯ ಜೀನ್ಸ್ ಮಂದಿಯನ್ನು ಕೇಳಿದರೆ, "ಕೈ ಬಂಗಾರ, ಬಾಯಿ ಬೆಂಕಿ" ಅನ್ನುತ್ತಾರೆ. ಕುರುಗೋಡಿನವನು. ಐದನೇ ಇಯತ್ತೆಗೆ ಸಾಲಿ ಬಿಟ್ಟವನು. ಮೂವತ್ತೊಂದು ವರ್ಷ ಒಂದೇ ಜಾಗದಲ್ಲಿ ನಿಂತು ಪ್ಯಾಂಟು ಕೊಯ್ದವನು. ಉದ್ದ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿ, ಮೇಲೆ ಸೀಮೆಸುಣ್ಣದಿಂದ ಗೀರು ಎಳೆದು, ಮಿಷನ್ನು ಹಿಡಿದು ಕೊಯ್ಯುವುದು. ಕೂದಲೆಳೆ ತಪ್ಪಿದರೂ ಎಂಬತ್ತು ಪ್ಯಾಂಟು ಹಾಳು. ಅವನ ಕೈ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಅವನು ಕೊಯ್ದದ್ದು ಹೊಲಿಯಲು ಒಂದು ಕಡೆ ಹೋಗುತ್ತಿತ್ತು, ಒಗೆಯಲು ಇನ್ನೊಂದು ಕಡೆ, ಅಲ್ಲಿಂದ ಯಾವ ಊರಿಗೋ. ತಾನು ಕೊಯ್ದ ಪ್ಯಾಂಟು ಪೂರ್ತಿ ಆಗಿದ್ದನ್ನು ಅವನು ಒಂದು ದಿನ ಕಂಡವನಲ್ಲ.

ಮಾಲೀಕನ ಮಗ ಬಂದ ಮೇಲೆ ಎಂಬತ್ತು ಪದರ ಸಾಲದು, ನೂರಾ ಇಪ್ಪತ್ತು ಹಾಸು ಎಂದ. "ಬ್ಲೇಡು ಓರೆ ಆಗ್ತೈತಿ ಸಣ್ಣ ಸಾವ್ಕಾರ್ರ, ಕೆಳಗಿನ ಪದರ ಅಳತಿ ತಪ್ಪತೈತಿ," ಎಂದರೆ ಕೇಳಲಿಲ್ಲ. ಹಾಸಿದರು, ಕೊಯ್ದರು, ಅಳತೆ ತಪ್ಪಿತು. ಅವತ್ತು ಆ ಹುಡುಗಮುಂಡೇದು ಐವತ್ತು ಮಂದಿ ಹೆಣ್ಣುಮಕ್ಕಳ ಎದುರಿಗೆ "ಮುದುಕಗ ಕೈ ನಡಗತೈತಿ" ಎಂದುಬಿಟ್ಟ. ಮರಿಬಸಪ್ಪ ಸೀಮೆಸುಣ್ಣ ಮೇಜಿನ ಮೇಲೆ ಇಟ್ಟ. ಹೊರಗೆ ಬಂದ. ಮತ್ತೆ ಆ ಬಾಗಿಲು ತುಳಿಯಲಿಲ್ಲ. ಆಗ ಅವನಿಗೆ ಐವತ್ತಾರು.

ಮನೆಯಲ್ಲಿ ಕೂತವನಿಗೆ ಜಗಳವೇ ಉದ್ಯೋಗ. ಹಾಲಿನವನ ಜೊತೆ, ನಲ್ಲಿ ನೀರಿನವನ ಜೊತೆ, ಕೊನೆಗೆ ಎರ್ರಮ್ಮನ ಜೊತೆ. ಆಕೆ ತಾಳಲಾರದೆ, "ನಿಮ್ಮಕ್ಕನ ಮನಿಗರೆ ಹೋಗಿ ನಾಕು ದಿನ ಇರ್ರಿ," ಎಂದು ಕುರುಗೋಡಿಗೆ ಅಟ್ಟಿದಳು. ಅಲ್ಲಿ ಅಕ್ಕ ಚನ್ನಬಸಮ್ಮ ಪಡಸಾಲೆಯಲ್ಲಿ ಹಳೇ ಸೀರೆಯ ಚೂರು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ಇವನು ನೋಡುತ್ತ ನಿಂತ. ತಡೆಯಲಾಗಲಿಲ್ಲ.

"ಆ ಮೂಲಿ ಸೊಟ್ಟ ಐತಿ ಅಕ್ಕಾ."

"ಲೇ ಬಸ್ಯಾ, ಸೊಟ್ಟ ಐತಿ ಅಂತ ಹೇಳಾಕ ಓಣಿ ತುಂಬ ಮಂದಿ ಅದಾರ. ಸೂಜಿ ಹಿಡಿ, ನೋಡೂಣು ನಿನ್ನ ಗಂಡಸ್ತನ."

ಹಿಡಿದ. ಮೊದಲ ದಿನ ಹನ್ನೊಂದು ಸಲ ಬೆರಳಿಗೆ ಚುಚ್ಚಿಕೊಂಡ. ಮೂರನೇ ದಿನ ಊಟಕ್ಕೆ ಕರೆದರೂ ಏಳಲಿಲ್ಲ. ಯಾವ ಬಣ್ಣದ ಮಗ್ಗುಲಿಗೆ ಯಾವುದು, ಎಲ್ಲಿ ಚೌಕ, ಎಲ್ಲಿ ಮುಮ್ಮೂಲೆ, ಎಲ್ಲಾ ಅವನದೇ ತಲೆ, ಅವನದೇ ಕೈ. ತಾನೇ ಕೊಯ್ದು ತಾನೇ ಜೋಡಿಸಿ ತಾನೇ ದಾರ ಓಡಿಸಿದ್ದು ಒಂದು ವಸ್ತುವಾಗಿ ಮುಂದೆ ಬಿದ್ದಾಗ ಅವನಿಗೆ ಅಳು ಬಂತು. ಅಕ್ಕ ನೋಡಬಾರದೆಂದು ಹಿತ್ತಲಿಗೆ ಹೋಗಿ ನಿಂತ.

ಅಲ್ಲಿಂದ ಒಂದು ವರ್ಷ ಅದೇ ಹುಚ್ಚು. ಓಣಿಯ ಗಂಡಸರು "ಕೌದಿ ಬಸಮ್ಮ" ಎಂದು ಕರೆದರು. ಒಬ್ಬನಿಗೆ ಕಪಾಳಕ್ಕೆ ಹೊಡೆದ, ಉಳಿದವರು ಬೆನ್ನ ಹಿಂದೆ ಕರೆದರು. ಅಕ್ಕನ ಮನೆಯಲ್ಲಿ ಅವನ ಕೌದಿ ನೋಡಿಯೇ ದಾಕ್ಷಾಯಣಮ್ಮ ಬಳ್ಳಾರಿಗೆ ಬಂದು ಆ ನಾಲ್ಕು ಸೀರೆ ತೊಡೆಯ ಮೇಲಿಟ್ಟದ್ದು. ಅವ್ವನ ವರ್ಷದ ಪೂಜೆಗೆ ಕೌದಿ ಬೇಕು ಎಂದಳು. ಬದುಕಿನಲ್ಲಿ ಮೊದಲ ಸಲ ಒಬ್ಬರು ನಂಬಿ ತಮ್ಮ ಜೀವದಂಥದ್ದು ಅವನ ಕತ್ತರಿಯ ಕೆಳಗಿಟ್ಟಿದ್ದರು.

ಅದಕ್ಕೇ ಹುಮ್ಮಸ್ಸು ಹೆಚ್ಚಾಯಿತು. ಮೊದಲೆಲ್ಲ ಉಟ್ಟು ಬಿಟ್ಟ ಹಳೇ ಜೀನ್ಸ್ ಹಾಕುತ್ತಿದ್ದ. ಈ ಸಲ ಅದು ಮಾಸಲು ಕಂಡಿತು. ಪರಿಚಯದವರ ಕಂಪನಿಯಿಂದ ಹೊಸ ಬಟ್ಟೆಯ ಕಟಿಂಗ್ ಚೂರು ತಂದ. ನೀರು ಕಾಣದ, ರಾತ್ರಿಯಂಥ ಕಡುನೀಲಿ. ಚನ್ನಬಸಮ್ಮ ನೋಡಿ, "ಹೊಸಾ ಅರಿವಿ ಕೌದಿಗೆ ಬ್ಯಾಡಲೇ, ಉಟ್ಟು ಸವದಿದ್ದು ಹಾಕು," ಎಂದಳು.

"ಮೂವತ್ತೊಂದು ವರ್ಷ ಜೀನ್ಸ್ ಕೊಯ್ದೀನಿ. ನನಗ ಹೇಳ್ತೀಯೇನು?"

ಕೊಯ್ದಿದ್ದ, ನಿಜ. ಒಗೆದಿರಲಿಲ್ಲ. ಬಣ್ಣ ಬಿಡುವುದೆಲ್ಲ ಅವನ ಮೇಜು ದಾಟಿದ ಮೇಲಿನ ಸಂಗತಿ. ಮೂವತ್ತೊಂದು ವರ್ಷ ನೀಲಿ ಬೆರಳು ಹೊತ್ತು ತಿರುಗಿದವನಿಗೆ ನೀಲಿ ಬೆರಳು ಕಾಣುವುದೇ ನಿಂತುಹೋಗಿತ್ತು.

ಇವತ್ತು ಅವನು ಹತ್ತಿದ ಸಿರುಗುಪ್ಪದ ಬಸ್ಸು ತೆಕ್ಕಲಕೋಟೆ ದಾಟಿ ನಿಂತುಬಿಟ್ಟಿತು. ಭತ್ತ ಕೊಯ್ಯುವ ಮಿಷನ್ನೊಂದು ರಸ್ತೆಗೆ ಅಡ್ಡ ತಿರುಗಿ ಸಿಕ್ಕಿಕೊಂಡಿತ್ತು. ಅರ್ಧ ರಸ್ತೆಯಲ್ಲಿ ಭತ್ತ ಒಣಹಾಕಿದ್ದರು.

"ಏ ಡ್ರೈವರಣ್ಣ, ಹಾರನ್ ಹೊಡಿಯಪ್ಪ! ಕಣ್ಣು ಮುಚ್ಚಿ ಕುಂತ್ಯಾ?"

"ಹಾರನ್ನಿಗೆ ಮಿಷನ್ನು ಹಾರತೈತೇನು ಯಜಮಾನ್ರ? ಯಾಕ, ಹೆರಿಗಿ ಐತೇನು?"

"ಕೌದಿ ಐತಿ!" ಎಂದ ಮರಿಬಸಪ್ಪ. ಬಸ್ಸೆಲ್ಲ ನಕ್ಕಿತು. ಅವನು ನಗುವವರ ಕಡೆ ತಿರುಗಿ ಕೂಡ ನೋಡಲಿಲ್ಲ. ಎಂಟನೇ ಸಲ ಫೋನು ಹಚ್ಚುತ್ತಿದ್ದ.

ಕಾಲು ಗಂಟೆ ಕೂತಲ್ಲೇ ಬೆವತ. ಆಗ ತಲೆಗೆ ಒಂದು ಸುಳ್ಳು ಹೊಳೆಯಿತು. ಒಳ್ಳೇ ಸುಳ್ಳು. ಜೀನ್ಸ್ ಹಾಕಿದ ಕೌದಿ ನೀರಿಗೆ ಹಾಕಬಾರದು, ಹೊಲಿಗೆ ಸಡಿಲಾಗುತ್ತದೆ, ಸುಮ್ಮನೆ ಪೂಜೆಗೆ ಇಟ್ಟು ಆಮೇಲೆ ಪೆಟ್ಟಿಗೆಯಲ್ಲಿ ಮಡಚಿಡಿ. ಅಷ್ಟು ಹೇಳಿದರೆ ಮುಗಿಯಿತು. ಆಕೆ ನಂಬುತ್ತಾಳೆ. ಹೆಸರೂ ಉಳಿಯುತ್ತದೆ.

ಸಿರುಗುಪ್ಪದಲ್ಲಿ ಇಳಿದು ಆಟೋ ಹತ್ತಿದ. ಕೆಂಚನಗುಡ್ಡದ ಹೊಳೆ ದಂಡೆಗೆ ಬಂದಾಗ ಬಿಸಿಲು ಏರಿತ್ತು. ಕಲ್ಲಿನ ಮೇಲೆ ಚೀಲ, ಚೀಲದ ಮೇಲೆ ಫೋನು. ದಾಕ್ಷಾಯಣಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಕೌದಿಯ ಒಂದು ಮೂಲೆ ಆಗಲೇ ಇಳಿಬಿಟ್ಟಿದ್ದಳು.

"ನಿಲ್ರೀ! ಎತ್ರಿ! ಎತ್ರಿ ಮ್ಯಾಕ!"

ಆಕೆ ಬೆಚ್ಚಿ ಎತ್ತಿದಳು. ಇವನು ಚಪ್ಪಲಿ ಸಮೇತ ನೀರಿಗೆ ಬಿದ್ದು ಕೌದಿಯನ್ನು ತೋಳಿನಲ್ಲಿ ಹಿಡಿದ. ಒದ್ದೆ ಮೂಲೆಯಿಂದ ಹನಿ ಬೀಳುತ್ತಿತ್ತು.

"ಏನಾತ್ರೀ ಮಾಸ್ಟರ್ರೇ? ಬಳ್ಳಾರಿಯಿಂದ ಓಡಿ ಬಂದೀರಲ್ಲ!"

"ಇದು... ನೀರಿಗೆ ಹಾಕಬಾರದು. ಹೊಲಿಗಿ ಸಡ್ಲ ಆಗತೈತಿ. ಜೀನ್ಸಿನ ಕೌದಿಗೆ ಹಂಗ."

"ಅಷ್ಟೇ ಏನು? ಅದಕ್ಕ ಇಷ್ಟು ದೂರ ಬಂದ್ರ್ಯಾ? ಆತು ತಗೋರಿ, ನೀವು ಹ್ಯಾಂಗ ಹೇಳ್ತೀರಿ ಹಂಗ." ಆಕೆ ಒಂದು ಮಾತು ಎದುರು ಕೇಳಲಿಲ್ಲ. "ನಾಕು ಹನಿ ಪ್ರೋಕ್ಷಣಿ ಮಾಡಿದ್ರ ಸಾಕು. ನಮ್ಮವ್ವ ಏನೂ ಅನ್ನಂಗಿಲ್ಲ," ಎಂದು ಕೌದಿ ಮಡಚತೊಡಗಿದಳು. ಒದ್ದೆ ಮೂಲೆ ಒಳಗೆ ಹೋಯಿತು. ಹಾಲಿನ ಬಣ್ಣದ ಸೀರೆಯ ಮೇಲೆ.

ಸುಮ್ಮನಿದ್ದರೆ ಆಗಿತ್ತು. ಆದರೆ ಮಾಲೀಕನ ಮಗ ತಪ್ಪು ಮಾಡಿ ಇನ್ನೊಬ್ಬರ ಮೇಲೆ ಹಾಕಿದ್ದಕ್ಕೆ ತಾನು ಬಾಗಿಲು ದಾಟಿ ಬಂದವನು. ಈಗ ತಾನೇ ಅದಕ್ಕಿಂತ ಕಡೆ ಆಗುತ್ತಿದ್ದ.

"ಬಿಚ್ರಿ ಅದನ್ನ," ಎಂದ ಒರಟಾಗಿ. "ಸುಳ್ಳು ಹೇಳ್ದೆ. ಬಣ್ಣ ಬಿಡತೈತಿ ಅದು. ಹೊಸಾ ಬಟ್ಟಿ ಒಗೀದ ಹಾಕೀನಿ. ತಪ್ಪು ನಂದು."

ಆಕೆ ಬಿಚ್ಚಿದಳು. ಹಾಲುಬಣ್ಣದ ಮೇಲೆ ಅಂಗೈಯಗಲ ನೀಲಿ ಕೂತಿತ್ತು. ಬೆರಳಿನಿಂದ ತಿಕ್ಕಿದಳು. ನೀರಿನಲ್ಲಿ ಅದ್ದಿ ತಿಕ್ಕಿದಳು. ಇನ್ನಷ್ಟು ಹರಡಿತು.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಅವನಿಗೆ ಗೊತ್ತಿತ್ತು. ಆಕೆ ಮೆಲ್ಲಗೆ, "ನಾಕೂ ಸೀರಿ ಕೊಯ್ದೀರಿ," ಎಂದಳು. "ಮತ್ತ ಸೀರಿ ಮಾಡಿ ಕೊಡ್ತೀರೇನು?"

ಮರಿಬಸಪ್ಪ ತಲೆ ತಗ್ಗಿಸಿದ. "ಇದೊಂದು ನೀಲಿ ಕಲಿ ಹೋಗಂಗಿಲ್ಲ. ಉಳಿದದ್ದು ಉಳಸ್ತೀನಿ. ಎಲ್ಲಾ ಬಿಚ್ಚಿ, ಮತ್ತ ಹೊಲೀತೀನಿ. ಬಳ್ಳಾರಿಗೆ ಒಯ್ದು..."

"ನನ್ನ ಮನಿ ಬಿಟ್ಟು ಒಂದು ಚೂರು ಹೊರಗ ಹೋಗಂಗಿಲ್ಲ. ಪೂಜಿಗೆ ಇಪ್ಪತ್ತೆರಡು ದಿನ ಐತಿ. ಬಿಚ್ಚೋದಾದ್ರ ನನ್ನ ಪಡಸಾಲ್ಯಾಗ, ನನ್ನ ಕಣ್ಣ ಮುಂದ ಕುಂತು ಬಿಚ್ರಿ."

ಕುಂತ. ಸಿರುಗುಪ್ಪದ ಆ ಮನೆಯ ಪಡಸಾಲೆ ರಸ್ತೆಗೇ ತೆರೆದಿತ್ತು. ಅಕ್ಕಿ ಗಿರಣಿಗೆ ಹೋಗುವವರೆಲ್ಲ ನಿಂತು ನೋಡುವರು. "ಏನಜ್ಜಾ, ಹೆಣ್ತಿ ಮನ್ಯಾಗಿಂದ ಹೊರಗ ಹಾಕ್ಯಾಳೇನು?" ಎಂದು ಒಬ್ಬ ಕೇಳಿದ. ಬ್ಲೇಡು ಹಿಡಿದ ಕೈ ಒಂದು ಗಳಿಗೆ ನಿಂತಿತು. ಮತ್ತೆ ದಾರಕ್ಕೆ ಹೋಯಿತು. ಎರಡೂವರೆ ತಿಂಗಳು ಹಾಕಿದ ಹೊಲಿಗೆ ಬಿಚ್ಚಲು ಐದು ದಿನ ಹಿಡಿಯಿತು. ಸೀರೆಯ ಚೂರು ಎಳೆ ಹರಿಯದಂತೆ ಎತ್ತುವಾಗ ದಾಕ್ಷಾಯಣಮ್ಮ ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹೊತ್ತಿಗೆ ಸರಿಯಾಗಿ ರೊಟ್ಟಿ ತಂದಿಟ್ಟು ಹೋಗುವಳು.

ಆಮೇಲೆ ಹಿತ್ತಲಲ್ಲಿ ಹಂಡೆ ಇಟ್ಟು, ಉಪ್ಪು ಹಾಕಿ, ಜೀನ್ಸಿನ ಚೂರು ಕುದಿಸಿದ. ಮೊದಲ ನೀರು ಮಸಿ. ಎರಡನೆಯದೂ ಮಸಿ. ಒಂಬತ್ತನೇ ನೀರು ತಿಳಿಯಾಗಿ ಹಂಡೆಯ ತಳದ ತಾಮ್ರ ಕಂಡಿತು. ಆದರೆ ಚೂರೆಲ್ಲ ಬೆರಳಗಲ ಕುಗ್ಗಿದ್ದವು. ಹಳೇ ಲೆಕ್ಕದ ಚೌಕ ಒಂದೂ ಕೂಡಲಿಲ್ಲ. ಹದಿನೈದು ದಿನ ಉಳಿದಿತ್ತು. ಮರಿಬಸಪ್ಪ ಮೊದಲ ಸಲ ಹೆದರಿ ಅಕ್ಕನಿಗೆ ಫೋನು ಮಾಡಿದ.

ಮರುದಿನ ಚನ್ನಬಸಮ್ಮ ಕುರುಗೋಡಿನಿಂದ ಇಳಿದಳು, ಬಳ್ಳಾರಿಯಿಂದ ಎರ್ರಮ್ಮನನ್ನೂ ಕರೆಸಿದಳು.

"ಮೂವತ್ತೊಂದು ವರ್ಷ ಕೊಯ್ದ ಸಾಹೇಬ್ರು ಎಲ್ಲದಾರ?"

"ಬೈ ಅಕ್ಕಾ. ಬೈಕೊಂತ ಹೊಲಿ."

ಹೊಸ ಅಳತೆ, ಹೊಸ ಗೀರು. ಈ ಸಲ ನೀಲಿ ತಿಳಿಯಾಗಿತ್ತು, ಸೀರೆಗಳೇ ಮುಂದೆ ಬಂದವು. ಮೊದಲಿನ ಕೌದಿಯಲ್ಲಿ ತನ್ನ ನೀಲಿಯೇ ಮೆರೆಯುತ್ತಿತ್ತೆಂದು ಅವನಿಗೆ ಈಗ ಕಂಡಿತು. ಮೂರು ಸೂಜಿ ಓಡಿದವು. ಎಲ್ಲಿ ಏನು ಕೂಡಬೇಕು ಅಂತ ಮಾತ್ರ ಅವನೊಬ್ಬನೇ ಹೇಳುತ್ತಿದ್ದ, ಹೆಂಗಸರಿಬ್ಬರೂ ಎದುರಾಡಲಿಲ್ಲ. ಕಲೆಯಾದ ಚೂರು ಏನು ಮಾಡಲಿ ಎಂದು ಕೇಳಿದಾಗ ದಾಕ್ಷಾಯಣಮ್ಮ, "ಹಿಂಬದಿಗೆ ಹಾಕ್ರಿ. ನನಗ ಕಾಣಬಾರದು," ಎಂದಳು. ಹಿಂಬದಿಗೆ ಹಾಕಿದ.

ಪೂಜೆಯ ಹಿಂದಿನ ದಿನ ನಾಲ್ವರೂ ಹೊಳೆಗೆ ಹೋದರು. ದಾಕ್ಷಾಯಣಮ್ಮ ದಂಡೆಯಲ್ಲೇ ನಿಂತಳು. "ನಾನು ಅದ್ದಂಗಿಲ್ಲ. ನೀವೇ ಅದ್ದರಿ."

ಮರಿಬಸಪ್ಪ ನೀರಿಗಿಳಿದ. ಕೈ ಈಗ ನಿಜವಾಗಿ ನಡುಗುತ್ತಿತ್ತು. ಒಂದು ಮೂಲೆ ಬಿಟ್ಟ. ಅರ್ಧ ಬಿಟ್ಟ. ಪೂರ್ತಿ ಮುಳುಗಿಸಿ, ಕಾಲಿನಿಂದ ತುಳಿದು, ಬಗ್ಗಿ ನೋಡಿದ. ಕೆಳಗಿನ ಉಸುಕು, ಉಸುಕಿನ ಮೇಲಿನ ಸಣ್ಣ ಕಲ್ಲು, ಅವನ ಬೆರಳ ಉಗುರು, ಎಲ್ಲಾ ಕಾಣುತ್ತಿತ್ತು. ನೀರು ಬಂದ ಬಣ್ಣದಲ್ಲೇ ಮುಂದೆ ಹೋಯಿತು. ಅವನು ಎರಡನೇ ಸಲ ಮುಳುಗಿಸಿದ. ಮೂರನೇ ಸಲ.

"ಸಾಕು ಬಿಡ್ರಿ, ಅರಿವಿ ಸವದೀತು," ಎಂದಳು ದಾಕ್ಷಾಯಣಮ್ಮ. ನೀರಿಗಿಳಿದು ಇನ್ನೊಂದು ತುದಿ ಹಿಡಿದಳು. ನೀರು ಕುಡಿದ ಕೌದಿ ಇಬ್ಬರಿಗೂ ಭಾರವಾಯಿತು. ಒಬ್ಬರು ಇತ್ತ, ಒಬ್ಬರು ಅತ್ತ ತಿರುವಿ ಹಿಂಡಿದರು. ಬಂಡೆಯ ಮೇಲೆ ಹರವಿದಾಗ ಕನಕಾಂಬರ ಬಿಸಿಲಿಗೆ ಉರಿಯಿತು. ಆಕೆ ಅದರ ಮೇಲೆ ಅಂಗೈ ಇಟ್ಟು ಕೂತಳು. ಆಮೇಲೆ ಮುಖ ತಿರುಗಿಸದೆಯೇ ಹೇಳಿದಳು:

"ನಮ್ಮ ಓಣ್ಯಾಗ ಇಬ್ಬರು ಸೀರಿ ತೆಗದಿಟ್ಟಾರ. ನಿಮಗ ಕೊಡಲೇನು ಅಂತ ಕೇಳಾಕತ್ತಿದ್ರು. ತಡೀರಿ, ಇದು ನೀರು ಕಾಣಲಿ ಅಂದಿದ್ದೆ."

"ಈಗ ಏನು ಹೇಳ್ತೀರಿ?" ಮರಿಬಸಪ್ಪ ಕೇಳಿದ.

"ಕೊಡ್ರಿ ಅಂತೀನಿ."

ಅವನು ಸೊಂಟದ ತನಕ ಒದ್ದೆಯಾದ ಪಂಚೆ ಹಿಂಡಿಕೊಳ್ಳುತ್ತ ಬಂಡೆಯ ಕಡೆ ನೋಡಿದ. ಕೆಳಗಿನ ಸಾಲಿನಲ್ಲಿ ಒಂದು ಹೊಲಿಗೆ ಓರೆ ಹೋಗಿದ್ದು ಕಣ್ಣಿಗೆ ಬಿತ್ತು.

"ಅಕ್ಕಾ, ಇದು ನಿಂದು," ಎಂದ. "ಸೂಜಿ ತಾ ಇಲ್ಲಿ."