ವಾಚನಾಲಯದ ಒಂಬತ್ತನೇ ಕಲಮು

ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಹುಟ್ಟಿದ ಪ್ರಜಾಪ್ರಭುತ್ವ ಅಷ್ಟು ಬೇಗ ಯಾಕೆ ಬಿದ್ದುಹೋಯಿತು ಎಂಬ ಪ್ರಬಂಧ ಬರೆಯಲು ಆ ಬೇಸಿಗೆ ರಜೆಯಲ್ಲಿ ಹೈದರಾಬಾದಿನ ಕಾಲೇಜಿನಿಂದ ನಮ್ಮೂರು ಲಿಂಗಸುಗೂರಿಗೆ ಪುಸ್ತಕಗಳನ್ನು ತಂದಿದ್ದೆ. ಸೋಲಿನ ಅವಮಾನ, ಬೆಲೆ ಕಳೆದುಕೊಂಡ ನಾಣ್ಯ, ಕೆಲಸವಿಲ್ಲದ ಜನ, ಹೀಗೆ ಕಾರಣಗಳೆಲ್ಲ ಅವುಗಳಲ್ಲಿದ್ದವು. ಒಂದು ಮಾತ್ರ ನನಗೆ ಬಿಡಿಸಲಾಗಲಿಲ್ಲ. ತುರ್ತಿನಲ್ಲಿ ಅಧ್ಯಕ್ಷನೊಬ್ಬನೇ ಆಜ್ಞೆ ಹೊರಡಿಸಬಹುದೆಂಬ ಕಲಮನ್ನು ಸಂವಿಧಾನದಲ್ಲಿ ಬರೆದವರು ಅದರ ಶತ್ರುಗಳಲ್ಲ, ಅದನ್ನು ಕಟ್ಟಿದ ವಿದ್ವಾಂಸರೇ. ಅದರ ಅಪಾಯ ಅವರಿಗೆ ಯಾಕೆ ಕಾಣಲಿಲ್ಲ?

ಅದೇ ರಜೆಯಲ್ಲಿ ನಮ್ಮ ಓಣಿಯವರು ವಾಚನಾಲಯ ತೆರೆದರು. ಸರ್ಕಾರದ ಪರವಾನಗಿಗೆ ನಿಯಮಾವಳಿ ಬೇಕಿತ್ತು. ತಂದೆ ಆ ಕೆಲಸವನ್ನು ನನಗೆ ಕೊಟ್ಟರು. ಸರ್ಕಾರದ ಭಾಷೆಯಾದ ಉರ್ದುವಿನಲ್ಲಿ ಬರೆದು, ಕನ್ನಡದಲ್ಲೂ ಒಂದು ಪ್ರತಿ ಮಾಡಿ ಬಾಗಿಲ ಪಕ್ಕ ಅಂಟಿಸಿದೆ. ಐದು ಜನರ ಕಮಿಟಿ, ಬಹುಮತದ ತೀರ್ಮಾನ, ಮಧ್ಯಾಹ್ನ ಎರಡರಿಂದ ನಾಲ್ಕು ಹೆಂಗಸರಿಗೆ. ಒಂಬತ್ತನೆಯದು ಹೀಗಿತ್ತು: ಕಮಿಟಿಯಲ್ಲಿ ತೀರ್ಮಾನವಾಗದಿದ್ದರೆ ಅಧ್ಯಕ್ಷರು ತಾತ್ಕಾಲಿಕವಾಗಿ ತಮ್ಮ ವಿವೇಕದಂತೆ ನಡೆಸಬಹುದು. ಅದಿಲ್ಲದೆ ನಿಯಮಾವಳಿ ಅಪೂರ್ಣವೆನಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ತಪ್ಪದೆ ಬರುತ್ತಿದ್ದವಳು ಎದುರು ಮನೆಯ ದರ್ಜಿಯ ಹೆಂಡತಿ. ಸಿಂಧನೂರಿಗೆ ಕೊಟ್ಟ ಮಗಳ ಪತ್ರಗಳನ್ನು ಟಪಾಲಿನವನ ಬಾಯಿಂದ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮನೆಯಲ್ಲಿ ಅತ್ತೆ ಪಾಟಿ ಹಿಡಿಯಗೊಡುತ್ತಿರಲಿಲ್ಲ. ನಾನು ವಾಚನಾಲಯದಲ್ಲೇ ಅಕ್ಷರ ಕಲಿಸತೊಡಗಿದೆ.

ಕಮಿಟಿಯವರು ಮಾತ್ರ ಮೊದಲ ದಿನದಿಂದ ಜಗಳಕ್ಕೆ ಬಿದ್ದರು. ಮೇಜಿನ ಮೇಲೆ ಉರ್ದು ಪತ್ರಿಕೆ ಮುಂದಿರಬೇಕೋ ಕನ್ನಡದ್ದೋ? ಮೂರು ಸಭೆಗಳಾದವು, ಪ್ರತಿ ಸಲ ಮತ ಹಾಕುವ ಮೊದಲೇ ಯಾರಾದರೂ ಎದ್ದು ಹೋಗುತ್ತಿದ್ದರು. ನಾಲ್ಕನೆಯದರಲ್ಲಿ ಒಬ್ಬರು ಅಧ್ಯಕ್ಷರಾಗಿದ್ದ ಬಟ್ಟೆ ವ್ಯಾಪಾರಿಗೆ, "ಸಾಹುಕಾರ್ರ, ಒಂಬತ್ತನೇ ಕಲಮು ಐತಲ್ರೀ. ಇನ್ನ ನೀವ ನೋಡ್ಕೋರಿ, ನಮಗ ಮನ್ಯಾಗಿನ ಜಗಳನ ಸಾಕಷ್ಟದಾವ" ಎಂದರು. ಎಲ್ಲರೂ ನಕ್ಕು ಒಪ್ಪಿದರು.

ವ್ಯಾಪಾರಿ ಕೆಟ್ಟವರಲ್ಲ. ಒಂದು ದಿನ ಉರ್ದು, ಒಂದು ದಿನ ಕನ್ನಡ ಎಂದರು, ಜಗಳ ನಿಂತಿತು. ಮುಂದಿನ ವಾರ, ಗಂಡಸರು ಬಿಸಿಲಲ್ಲಿ ಹೊರಗೆ ಕಾಯುತ್ತಾರೆಂದು ಅದೇ ಕಲಮಿನ ಮೇಲೆ ಹೆಂಗಸರ ಹೊತ್ತನ್ನು ತೆಗೆದರು.

ತಂದೆಯೂ ಕಮಿಟಿಯಲ್ಲಿದ್ದರು. "ನೀವ್ಯಾಕ ಸುಮ್ಮನಿದ್ರಿ?" ಎಂದು ಕೇಳಿದೆ.

"ಒಂದು ವಾರ ಆತು, ಯಾರೂ ಬೈದಾಡಿಲ್ಲ. ಅದನ್ನ ನಾನ ಕೆಡಸ್ಲೇನವ್ವ?"

ಅವರು ಹೆದರಿರಲಿಲ್ಲ, ಯಾರೂ ಅವರನ್ನು ಕೊಂಡಿರಲಿಲ್ಲ. ದಣಿದಿದ್ದರು, ಅಷ್ಟೇ. ನನ್ನ ಪುಸ್ತಕಗಳ ಪಟ್ಟಿಯಲ್ಲಿ ಈ ಕಾರಣ ಇರಲಿಲ್ಲ.

ಮರುದಿನ ದರ್ಜಿಯ ಹೆಂಡತಿ ಪಾಟಿ ಹಿಡಿದು ಬಾಗಿಲ ಬಳಿ ನಿಂತಿದ್ದಳು. "ಯಾವ ಕಲಮು ಬೇ ಅದು, ನಮ್ಮ ಹೊತ್ತು ತೆಗ್ದದ್ದು?"

ತೋರಿಸಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಒಂದು ಒತ್ತಕ್ಷರದ ಮುಂದೆ ನಿಂತಳು. "ತಾತ್... ತಾತ್ಕಾಲಿಕ. ಹಂಗಂದ್ರ?"

"ಸ್ವಲ್ಪ ದಿನ."

"ಎಷ್ಟು ದಿನ?"

ಎಷ್ಟು ದಿನವೆಂದು ನಾನು ಬರೆದಿರಲಿಲ್ಲ.

"ಬರ್ದವ್ರು ಯಾರು?"

"ನಾನ."

ಅವಳು ಕಲಮಿನ ಮೇಲಿಂದ ಬೆರಳು ತೆಗೆದಳು. "ಅಷ್ಟು ದೂರ ಹೋಗಿ ಓದಿ ಬಂದೀಯಲ್ಲ, ದಿನ ಎಣಸೂದು ಕಲಿಸ್ಲಿಲ್ಲೇನು?"

ನಮ್ಮ ಮನೆಯಲ್ಲೇ ಕಲಿಸುತ್ತೇನೆ ಎಂದೆ. ಅತ್ತೆಯ ಹೆಸರು ಹೇಳಿ ತಪ್ಪಿಸಿಕೊಂಡಳು. ಎರಡು ದಿನ ಬಿಟ್ಟು ಸಿಂಧನೂರಿನಿಂದ ಪತ್ರ ಬಂತು. ನಾನು ಎದುರಿಗೇ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಅವಳು ಅದನ್ನು ಟಪಾಲಿನವನ ಕೈಗೇ ಕೊಟ್ಟು, ಓದು ಎಂದಳು.