ಅಳಿಸದೆ ಬಿಡಿಸುವ ನೆದಿಲ್ಕಾ

ಬೆಳಗಿನ ಐದೂಕಾಲು. ಸ್ಪ್ಲಿಟ್ ಬಂದರಿನಲ್ಲಿ ಒಂದು ಪುಟ್ಟ ಹಡಗು ಕಂಪನಿಯ ಕಚೇರಿ. ನೆದಿಲ್ಕಾ ಬುಲ್ಯಾನ್ ಕೋಟು ಕಳಚುವ ಮೊದಲೇ ಫೋನ್ ಎತ್ತುತ್ತಾರೆ. ಆ ಕಡೆ, ದ್ವೀಪದ ಕಟ್ಟೆಯಲ್ಲಿ ಹಡಗಿಗೆ ವಾಹನ ಹತ್ತಿಸುವ ಲುಕೇತಾ. ಅಲ್ಲಿಯವರ ಬಾಯಲ್ಲಿ 'ಶ್ಯೋರಾ' ಎಂದರೆ ಮೇಡಂ.

"ಶ್ಯೋರಾ, ಪಟ್ಟೀಲಿ ಆಂಬುಲೆನ್ಸ್‌ಗೆ ಜಾಗಾನೇ ಇಲ್ಲ! ಡಯಾಲಿಸಿಸ್‌ಗೆ ಹೋಗೋ ಮೂವರು ವ್ಯಾನಲ್ಲಿ ಕೂತಿದಾರೆ. ಮುಂದಿನ ಸಾಲೆಲ್ಲ ಮೀನಿನ ಲಾರಿಗಳಿಗೆ ಕೊಟ್ಟಿದೆ ನಿಮ್ಮ ಕಂಪ್ಯೂಟರು."

"ಆ ಸಾಲು ಖಾಲಿ ಇಟ್ಕೋ. ಯಾರಾದ್ರೂ ಬೈದ್ರೆ ನನ್ನ ಹೆಸರು ಹೇಳು. ಆರೂವರೆ ಹಡಗು ಬಿಡೋದ್ರೊಳಗೆ ಸರಿ ಪಟ್ಟಿ ಬರುತ್ತೆ."

ಇನ್ನೂ ಆರು ಕಟ್ಟೆಗಳಲ್ಲಿ ಇದೇ ಪಟ್ಟಿ ನಡೆಯುತ್ತದೆ. ಅಲ್ಲೆಲ್ಲ ಲುಕೇತಾನಂಥವರು ಇರಬೇಕೆಂದಿಲ್ಲ.

ಪಟ್ಟಿ ತಯಾರಿಸುವ ತಂತ್ರಾಂಶವನ್ನು ಐದು ಮಂದಿ ಬೇರೆ ಬೇರೆ ಕವಲುಗಳಲ್ಲಿ, ಅಂದರೆ ತಮ್ಮ ತಮ್ಮ ಪ್ರತಿಗಳಲ್ಲಿ, ತಿದ್ದಿ, ಕೊನೆಗೆ ಮೂಲಕ್ಕೆ ಕೂಡಿಸುತ್ತಾರೆ. ಅದೇ ಮರ್ಜ್. ನಿನ್ನೆ ಸಂಜೆ ಅವರಲ್ಲೊಬ್ಬನಾದ ಫ್ರಾನೆ ತನ್ನ ಬೇಸಿಗೆ ವೇಳಾಪಟ್ಟಿಯನ್ನು ಕೂಡಿಸಿದ್ದ. ಇಬ್ಬರು ಒಂದೇ ಸಾಲನ್ನು ತಿದ್ದಿದ್ದ ಕಡೆಯೆಲ್ಲ ಕಂಪ್ಯೂಟರು ನಿಂತು, ಯಾರದನ್ನು ಇಟ್ಟುಕೊಳ್ಳಲಿ ಎಂದು ಕೇಳಿತ್ತು. ಮನೆಗೆ ಹೋಗುವ ಅವಸರದಲ್ಲಿ ಅವನು ಎಲ್ಲ ಕಡೆ ತನ್ನದನ್ನೇ ಇಟ್ಟ. ಸಹೋದ್ಯೋಗಿ ಯೆರ್ಕಾ ಮೂರು ವಾರ ಕೂತು ಬರೆದಿದ್ದ ಆಂಬುಲೆನ್ಸ್ ನಿಯಮ ಹಾರಿಹೋಯಿತು.

ಸುದ್ದಿ ತಿಳಿದ ಫ್ರಾನೆ ಓಡಿಬಂದು ಕೀಲಿಮಣೆಗೆ ಕೈ ಹಾಕುತ್ತಾನೆ. "ಎಲ್ಲಾನೂ ನಿನ್ನೆ ಮಧ್ಯಾಹ್ನ ಇದ್ದ ಹಾಗೆ ಹಿಂದಕ್ಕೆ ಎಳೆದು, ಆಮೇಲಿಂದು ಅಳಿಸಿಬಿಡ್ತೀನಿ, ಎರಡೇ ನಿಮಿಷ."

"ತೆಗಿ ಕೈ! ನಿನ್ನ ಕಂಪ್ಯೂಟರಲ್ಲೇ ಉಳಿದಿದ್ರೆ ಹಿಂದಕ್ಕೆ ಎಳೀಬಹುದಿತ್ತು. ನೀನು ಎಲ್ಲರಿಗೂ ಹಂಚಿಯಾಗಿದೆ. ಅದರ ಮೇಲೆ ಯೆರ್ಕಾ ಎರಡು ತಿದ್ದುಪಡಿ ಸೇರಿಸಿದಾಳೆ. ಅಳಿಸಿದ್ರೆ ಅವೂ ಮುಳುಗ್ತವೆ."

"ಜುಗೊ ಬೀಸ್ತಿದೆ ಶ್ಯೋರಾ, ತಲೇನೇ ಓಡ್ತಿಲ್ಲ."

"ದಕ್ಷಿಣದ ಗಾಳಿ ಮೇಲೆ ಹಾಕ್ಬೇಡಪ್ಪ."

ನೆದಿಲ್ಕಾ ಮೊದಲು ಈಗಿನ ಸ್ಥಿತಿಯನ್ನೇ, ಕೆಟ್ಟಿದ್ದರೂ ಸರಿ, ಒಂದು ಹೆಸರಿಟ್ಟು ಬದಿಗೆ ಕಾಪಿಡುತ್ತಾರೆ. ಆಮೇಲೆ ಆ ಮರ್ಜ್ ತಂದದ್ದನ್ನು ಮಾತ್ರ ರದ್ದುಮಾಡುವ ಹೊಸ ದಾಖಲೆಯೊಂದನ್ನು ಮೇಲೆ ಸೇರಿಸುತ್ತಾರೆ. ಕೂಡಿದ ಎರಡು ಕವಲುಗಳಲ್ಲಿ ಮೂಲ ಯಾವುದೆಂದು ಕಂಪ್ಯೂಟರು ಕೇಳುತ್ತದೆ. ಎರಡು ಸಲ ನೋಡಿಯೇ ಉತ್ತರಿಸುತ್ತಾರೆ. ತಪ್ಪು ಇತಿಹಾಸದಲ್ಲಿ ಉಳಿಯುತ್ತದೆ, ಅದರ ಪರಿಣಾಮ ಹೋಗುತ್ತದೆ. ಕೊನೆಗೆ ಮರ್ಜ್‌ಗೆ ಮೊದಲಿದ್ದುದರ ಜೊತೆ ಹೋಲಿಕೆ. ಯೆರ್ಕಾಳ ಎರಡು ತಿದ್ದುಪಡಿ ಬಿಟ್ಟು ಬೇರೆ ವ್ಯತ್ಯಾಸವಿಲ್ಲ. ಪರೀಕ್ಷೆಗಳೂ ಪಾಸು. ಐದು ಐವತ್ತೆರಡಕ್ಕೆ ಪಟ್ಟಿ ಹೊರಡುತ್ತದೆ.

"ಬಂತು ಶ್ಯೋರಾ! ವ್ಯಾನು ಎಲ್ಲಕ್ಕಿಂತ ಮುಂದೆ," ಲುಕೇತಾ ಕೂಗುತ್ತಾನೆ. "ಲಾರಿಯವ್ನು ನಿಮ್ಮ ಅಜ್ಜಿ ತನಕ ನೆನೆದು ಬೈದ."

ಐವತ್ತೇಳರ ನೆದಿಲ್ಕಾ ಹದಿನಾಲ್ಕು ವರ್ಷ ಟಿಕೆಟ್ ಕಿಟಕಿಯಲ್ಲಿದ್ದವರು. ಯಂತ್ರ ಬಂದು ಕಿಟಕಿ ಮುಚ್ಚಿದಾಗ, ಇಪ್ಪತ್ತರ ಹುಡುಗರ ನಡುವೆ ಕೂತು ಈ ಕೆಲಸ ಕಲಿತರು. ಮೊದಲ ವರ್ಷವೇ ಬಲವಂತವಾಗಿ ಅಳಿಸಲು ಹೋಗಿ, ನಾಲ್ವರ ಒಂಬತ್ತು ದಿನದ ದುಡಿಮೆಯನ್ನು ನುಂಗಿಹಾಕಿದ್ದರು. "ಯಾರೂ ಬೈಲಿಲ್ಲ. ಅದೇ ತಡೆಯೋಕಾಗ್ಲಿಲ್ಲ," ಎನ್ನುತ್ತಾರೆ. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಕೆಟ್ಟ ಮರ್ಜ್ ಬಿಡಿಸಿದ್ದು ಇನ್ನೂರ ಹದಿನಾಲ್ಕು. ಕಳೆದುಕೊಂಡ ಸಾಲು, ಒಂದೂ ಇಲ್ಲ.

ಹತ್ತು ಗಂಟೆಗೆ ಫ್ರಾನೆ ತನ್ನ ವೇಳಾಪಟ್ಟಿಯನ್ನು ಮತ್ತೆ ಕೂಡಿಸಲು ಕೂರುತ್ತಾನೆ. ನೆದಿಲ್ಕಾ ಹಿಂದೆ ನಿಲ್ಲುತ್ತಾರೆ. "ಹಾಗೇ ಕೂಡಿಸಿದ್ರೆ, ಇದೆಲ್ಲ ಆಗ್ಲೇ ಬಂದಿದೆ ಅಂದ್ಕೊಂಡು ಏನೂ ತರಲ್ಲ ಕಂಪ್ಯೂಟರು. ಬೇರೆ ಕವಲು ಮಾಡ್ಕೊಂಡು, ಮೊದಲು ನನ್ನ ರದ್ದನ್ನೇ ರದ್ದು ಮಾಡು. ಆಮೇಲೆ ಯೆರ್ಕಾನ ಪಕ್ಕದಲ್ಲಿ ಕೂರಿಸ್ಕೊಂಡು ಸಾಲು ಸಾಲಾಗಿ ತಿದ್ದು." ಎರಡು ಗಂಟೆ ಹಿಡಿಯುತ್ತದೆ. ಈ ಸಲ ನಿಯಮವೂ ಇದೆ, ವೇಳಾಪಟ್ಟಿಯೂ ಇದೆ.

ಬರುವ ಮಾರ್ಚ್‌ಗೆ ನೆದಿಲ್ಕಾ ಅವರ ನಿವೃತ್ತಿ. ಬೀಳ್ಕೊಡುಗೆಗೆ ಏನು ಬೇಕೆಂದು ಕಂಪನಿ ಕೇಳಿದೆ.

"ನಾನು ಹೋದ್ಮೇಲೆ ಒಂದು ವರ್ಷ ಯಾರೂ ಏನೂ ಕೇಳ್ಕೊಂಡು ಬರಬಾರದು, ಅಷ್ಟೇ ಅಂದೆ," ನೆದಿಲ್ಕಾ ನಗುತ್ತಾರೆ. "ಬಂದ್ರೆ ಬೇಜಾರಿಲ್ಲ. ಬರದಿದ್ರೆ, ಸರಿಯಾಗಿ ಕಲಿಸಿದೀನಿ ಅಂತ."