ಮಾವ ಕತ್ತರಿಸಿದ ತೆರಿಗೆ

ಅಮ್ಮನ ಅಣ್ಣನ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ?

ಅಪ್ಪ ತೀರಿಹೋಗುವ ಮೊದಲು ಠಾಣೆ ಶಹರದ ವಾಗ್ಳೆ ಎಸ್ಟೇಟಿನಲ್ಲಿದ್ದ ನಮ್ಮ ಹೋಟೆಲಿನ ಜಾಗವನ್ನು ಒಂದು ಟ್ರಸ್ಟ್ ಮಾಡಿ ಅದಕ್ಕೆ ಹಾಕಿ, ಈ ಮಾವನನ್ನೇ ಅದನ್ನು ನೋಡಿಕೊಳ್ಳುವ ಟ್ರಸ್ಟಿ ಮಾಡಿದ್ದರು. ಜಾಗದ ಬಾಡಿಗೆ ಪೂರ್ತಿ ಅಮ್ಮನಿಗೆ ಸೇರಬೇಕು. ಮಾವ ಪ್ರತಿ ದೀಪಾವಳಿಗೆ ಡೊಂಬಿವಲಿಯ ನಮ್ಮ ಮನೆಗೆ ಬಂದು ಚೆಕ್ ಕೊಡುತ್ತಿದ್ದರು. "ಟ್ರಸ್ಟಿನ ದುಡ್ಡಲ್ವಾ ತಂಗಿ, ಮೂರರಲ್ಲೊಂದು ಭಾಗ ಸರ್ಕಾರಕ್ಕೇ ಹೋಯ್ತು" ಎನ್ನುತ್ತಿದ್ದರು. ನಮ್ಮ ಉಡುಪಿ ಕಡೆಯವರಲ್ಲಿ ಸೋದರಮಾವನೆಂದರೆ ಮನೆಯ ಯಜಮಾನ. ಅವರ ಹತ್ತಿರ ಲೆಕ್ಕ ಕೇಳುವುದುಂಟಾ! ಅಮ್ಮ ಕಾಲಿಗೆ ಬಿದ್ದು ಚೆಕ್ ತೆಗೆದುಕೊಳ್ಳುತ್ತಿದ್ದಳು.

ದುಡ್ಡು ಸಾಲದೆ ಊಟದ ಡಬ್ಬಿ ಕಟ್ಟಿ ಮಾರುತ್ತಿದ್ದಳು. ಲಿಫ್ಟಿಲ್ಲದ ಬಿಲ್ಡಿಂಗು. ಹತ್ತಿ ಇಳಿದು ಮೊಣಕಾಲು ಸವೆದವು. ಡಾಕ್ಟರು ಆಪರೇಶನ್ ಆಗಬೇಕೆಂದರು. "ಮುಂದಿನ ದೀಪಾವಳಿಗೆ ನೋಡುವ" ಎನ್ನುತ್ತಲೇ ವರ್ಷಗಳು ಕಳೆದವು.

ನನಗೆ ಕೆಲಸ ಸಿಕ್ಕಿದ ಮೇಲೆ ತೆರಿಗೆ ರಿಟರ್ನ್ ತುಂಬಿಸಲು ಕಲ್ಯಾಣದ ಸಿಎ ಒಬ್ಬರ ಹತ್ತಿರ ಹೋದಾಗ ಮಾತಿಗೆ ಮಾತು ಬಂದು ಇದನ್ನೂ ಕೇಳಿದೆ. ಅವರು ಟ್ರಸ್ಟಿನ ಪತ್ರ ತರಿಸಿ ಓದಿದರು. ಯಾರಿಗೆ ಎಷ್ಟು ಎಂದು ನಿಗದಿ ಇಲ್ಲದಿದ್ದರೆ ಟ್ರಸ್ಟಿಗೆ ಅತಿ ಹೆಚ್ಚಿನ ದರ ಬೀಳುತ್ತದಂತೆ. ನಮ್ಮದರಲ್ಲಿ ಪಾಲು ನಿಗದಿಯಾಗಿತ್ತು, ಹಾಗಾಗಿ ಅಮ್ಮನ ಆದಾಯಕ್ಕೆ ತಕ್ಕ ತೆರಿಗೆ ಅಷ್ಟೆ. ಡಬ್ಬಿಯ ದುಡ್ಡು ಸೇರಿಸಿದರೂ ಅವಳ ಆದಾಯ ತೆರಿಗೆಯ ಮಿತಿಯನ್ನೇ ಮುಟ್ಟುತ್ತಿರಲಿಲ್ಲ. ಕಟ್ಟಬೇಕಾದ್ದು ಏನೂ ಇರಲಿಲ್ಲ.

ಆ ಮೂರರಲ್ಲೊಂದು ಭಾಗ ಮಾವನ ಜೇಬಿಗೇ ಹೋಗಿತ್ತು. ಮಾವನನ್ನು ಮನೆಗೆ ಕರೆದು ಕೇಳಬಹುದಿತ್ತು, ಕೇಳಲಿಲ್ಲ. ಘಣಸೋಲಿಯಲ್ಲಿ ಅವರ ಹೊಸ ಫ್ಲಾಟಿನ ಗೃಹಪ್ರವೇಶದವರೆಗೆ ಬೇಕೆಂದೇ ಕಾದೆ. ನೆಂಟರೆಲ್ಲ ಎಲೆ ಮುಂದೆ ಕೂತಿದ್ದರು.

"ಮಾವ, ಅಮ್ಮನ ದುಡ್ಡಿಗೆ ಕಟ್ಟಿದ ತೆರಿಗೆಯ ಚಲನ್ ಒಂದು ತೋರಿಸಿ" ಎಂದೆ.

"ಈಗ ಎಂತದು ಅದು? ಊಟ ಮಾಡು."

"ಚಲನ್ ಇಲ್ವಾ? ಹಾಗಾದ್ರೆ ಈ ಟೈಲ್ಸ್ ಯಾರ ದುಡ್ಡಿಂದು?"

ಅವರ ಮುಖ ಕಪ್ಪಿಟ್ಟಿತು. ಯಾರೂ ಅನ್ನ ಕಲಸಲಿಲ್ಲ. ನಾನು ಮಾತ್ರ ಪಾಯಸ ಎರಡು ಸಲ ಹಾಕಿಸಿಕೊಂಡೆ.

ಮಾವ ಟ್ರಸ್ಟಿತನ ಬಿಟ್ಟರು. ಮರ್ಯಾದೆಗಂಜಿ ದುಡ್ಡನ್ನೂ ಮರಳಿಸಿದರು. ಆಪರೇಶನ್ನಿಗೆಂದು ಹೋದರೆ ಡಾಕ್ಟರು ಅಮ್ಮನ ಎದೆ ಪರೀಕ್ಷೆ ಮಾಡಿ, ಈಗ ಹೃದಯ ಆಪರೇಶನ್ ತಡೆಯುವುದಿಲ್ಲ, ಮೊದಲೇ ಬರಬೇಕಿತ್ತು ಅಂದರು.

ಆಮೇಲೆ ಒಂದು ದಿನ ಮಾವನ ಫೋನು. "ದುಡ್ಡು ಕೊಟ್ಟಾಯ್ತಲ್ಲ ಮಗಾ, ಇನ್ನೂ ಎಂತ ಕೋಪ? ಅಮ್ಮನಿಗೆ ಕೊಡು."

ಅಮ್ಮ ಅಡುಗೆಮನೆಯಲ್ಲಿದ್ದಳು. ಫೋನು ಅಲ್ಲಿಗೇ ಒಯ್ದು ಕೊಡಬಹುದಿತ್ತು. "ತಾಳಿ, ಬರ್ತಿದ್ದಾಳೆ" ಎಂದು ಅವಳನ್ನು ಕರೆದು, ಫೋನನ್ನು ಅವಳ ಕಡೆ ಚಾಚಿ ನಿಂತೆ. ಅವಳು ಗೋಡೆ ಹಿಡಿದು, ಕಾಲೆಳೆಯುತ್ತ, "ಅಯ್ಯೋ ದೇವರೇ" ಎಂದು ನರಳುವುದೆಲ್ಲ ಅವರಿಗೆ ಕೇಳಲಿ ಎಂದೇ. ಅವಳು ನನ್ನ ಹತ್ತಿರ ಮುಟ್ಟುವ ಮೊದಲೇ ಮಾವ ಫೋನು ಇಟ್ಟುಬಿಟ್ಟರು.